ಕೈಯಲ್ಲಿ ತಾಳ ಇದ್ದವರಿಗೆ ಮೆಕ್‌ಲಾಫ್ಲಿನ್ ಗಿಟಾರ್

ಕಚೇರಿಯಲ್ಲಿ ತನಿ ಆವರ್ತನ, ಅಂದರೆ ಲಯವಾದ್ಯಗಳಷ್ಟೇ ನುಡಿಯುವ ಭಾಗ, ಶುರುವಾದ ಕೂಡಲೇ ಕಾಫಿಗೆ ಎದ್ದು ಹೋಗದೆ, ತೊಡೆಯ ಮೇಲೆ ತಾಳ ಹಾಕಿಕೊಂಡು ಮುಕ್ತಾಯಕ್ಕೆ ಕಾಯುವ ಜನ ಮೈಸೂರಿನಲ್ಲಿ ಇನ್ನೂ ಬೇಕಾದಷ್ಟಿದ್ದಾರೆ. ವೀಣೆ ಶೇಷಣ್ಣ ಭವನಕ್ಕೆ ಹೋದರೂ ಸಿಗುತ್ತಾರೆ, ವಿ.ವಿ. ಮೊಹಲ್ಲಾ 8ನೇ ಕ್ರಾಸಿನ ಗಣಪತಿ ಪೆಂಡಾಲಿಗೆ ಹೋದರೂ ಸಿಗುತ್ತಾರೆ. ಇವರಲ್ಲಿ ಬಹಳ ಮಂದಿಗೆ ಜಾಝನ್ನು ಬೇರೆ ಸಂಗೀತಗಳೊಡನೆ ಬೆರೆಸುವ ಜಾಝ್ ಫ್ಯೂಷನ್ ಅಂದರೆ ಗುಮಾನಿ. ಗದ್ದಲ ಜಾಸ್ತಿ, ರಾಗ ಒಂದು ಕಡೆ ನಿಲ್ಲುವುದಿಲ್ಲ, ವೇಗ ತೋರಿಸುವುದೇ ಕಸುಬು ಅನ್ನುವುದು ಅವರ ದೂರು. ಇತ್ತ ಗಿಟಾರ್ ಕ್ಲಾಸಿಗೆ ಹೋಗುವ ಹುಡುಗರು ಅದೇ ವೇಗಕ್ಕೆ ಮರುಳಾಗಿ ಎಡಗೈ ಬೆರಳುಗಳನ್ನೇ ನೋಡುತ್ತಾ ಕೂರುತ್ತಾರೆ. ಇಬ್ಬರ ಕೈಯಿಂದಲೂ ಜಾರುವುದು ತಾಳ. ಇಂಗ್ಲಿಷ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಅವರ ಧ್ವನಿಮುದ್ರಿಕೆಗಳಿಗೆ ಒಳದಾರಿ ಇರುವುದು ಲಯದ ಕಡೆಯಿಂದ. ಆದಿತಾಳ ಹಾಕಲು ಬರುವವರಿಗೆ ಆ ದಾರಿ ಜಾಝ್ ಕೇಳಿಯೇ ಬೆಳೆದವರಿಗಿಂತ ಹತ್ತಿರ.

ಅವರ ಹಿನ್ನೆಲೆ ಚುಟುಕಾಗಿ ಹೇಳಿಬಿಡಬಹುದು. ಹುಟ್ಟಿದ್ದು 1942ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಡಾನ್‌ಕಾಸ್ಟರ್‌ನಲ್ಲಿ. 1969ರಲ್ಲಿ ಅಮೆರಿಕಕ್ಕೆ ಹೋಗಿ ಡ್ರಮ್ಮರ್ ಟೋನಿ ವಿಲಿಯಮ್ಸ್ ಅವರ ತಂಡ ಸೇರಿದರು. ಅದೇ ವರ್ಷ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಧ್ವನಿಮುದ್ರಿಸಿದ ‘ಇನ್ ಎ ಸೈಲೆಂಟ್ ವೇ’ ಮತ್ತು ‘ಬಿಚಸ್ ಬ್ರೂ’ ಎರಡರಲ್ಲೂ ನುಡಿಸಿದರು. 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿದರು. ‘ಮಹಾವಿಷ್ಣು’ ಎಂಬುದು ಮೆಕ್‌ಲಾಫ್ಲಿನ್ ಅವರಿಗೆ ಗುರು ಶ್ರೀ ಚಿನ್ಮಯ್ ಇಟ್ಟ ಹೆಸರು. ಮುಂದೆ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಡಾ. ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತರು. ಗಿಟಾರಿನ ವಿಷಯಕ್ಕೆ ಬಂದಾಗ ಈ ವೀಣೆಯ ಪಾಠವನ್ನು ನೆನಪಿಟ್ಟುಕೊಂಡಿರಬೇಕು.

ಮೊದಲು ತಾಳ. ಮೆಕ್‌ಲಾಫ್ಲಿನ್ ನುಡಿಸುವಾಗ ಕೇಳುಗರು ದಾರಿ ತಪ್ಪುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ‘ಐದು’ ಅನ್ನುವುದು ಎರಡು ಬೇರೆ ರೀತಿಯಲ್ಲಿ ಬರುತ್ತದೆ, ಎರಡನ್ನೂ ಒಂದೇ ಅಂದುಕೊಂಡರೆ ಕೈ ಕೆಟ್ಟಿತು. ಮೊದಲನೆಯದು ನಡೆ ಭೇದ. ಒಂದು ಅಕ್ಷರದೊಳಗೆ, ಅಂದರೆ ತಾಳದ ಒಂದು ಎಣಿಕೆಯೊಳಗೆ, ನಾಲ್ಕು ಮಾತ್ರೆ ಇದ್ದ ಜಾಗದಲ್ಲಿ ಐದು ಮಾತ್ರೆ ಬರುತ್ತದೆ, ಅಂದರೆ ಖಂಡ ನಡೆ. ಇಲ್ಲಿ ಪ್ರತಿ ‘ತಕತಕಿಟ’ದ ಮೊದಲ ‘ತ’ ಸರಿಯಾಗಿ ನಿಮ್ಮ ಕೈ ಬೀಳುವಲ್ಲೇ ಬೀಳುತ್ತದೆ. ಎರಡನೆಯದರಲ್ಲಿ ನಡೆ ಬದಲಾಗುವುದಿಲ್ಲ, ನಾಲ್ಕು ಮಾತ್ರೆಯ ಚತುರಶ್ರವೇ ಇರುತ್ತದೆ. ಆದರೆ ನುಡಿಸುವ ಪದಗುಚ್ಛ ಐದೈದು ಮಾತ್ರೆಯದು. ಆಗ ಮೊದಲ ಐದು ಕೈಯ ಮೇಲೆ ಶುರುವಾದರೆ, ಎರಡನೆಯದು ಒಂದು ಮಾತ್ರೆ ಜರುಗಿ, ಮೂರನೆಯದು ಎರಡು ಮಾತ್ರೆ ಜರುಗಿ ಶುರುವಾಗುತ್ತವೆ. ಮತ್ತೆ ಕೈಯ ಮೇಲೆ ಬಂದು ಕೂರುವುದು 20 ಮಾತ್ರೆ ಆದಮೇಲೆ, ಅಂದರೆ ಐದು ಅಕ್ಷರ ಕಳೆದ ಮೇಲೆ. ಗಿಟಾರು ತಾಳದಿಂದ ಜಾರಿಹೋಯಿತು ಎಂದು ಕೇಳುಗರಿಗೆ ಅನ್ನಿಸುವ ಜಾಗಗಳಲ್ಲಿ ಬಹುಪಾಲು ಹೀಗೇ ಆಗಿರುತ್ತದೆ. ಗಿಟಾರು ಜಾರಿರುವುದಿಲ್ಲ, ಲೆಕ್ಕ ನಡೆದಿರುತ್ತದೆ.

ಎರಡರಲ್ಲಿ ಯಾವುದು ಎಂದು ಪತ್ತೆ ಹಚ್ಚುವುದಕ್ಕೆ ಗಿಟಾರಿನ ಹಿಂದೆ ಓಡಬಾರದು. ಡ್ರಮ್ ಅಥವಾ ತಬಲಾವನ್ನು ಹಿಡಿದು ಕೈಯಲ್ಲಿ ತಾಳ ನಿಲ್ಲಿಸಿಕೊಳ್ಳಿ, ಆಮೇಲೆ ಗಿಟಾರಿನ ಒತ್ತು ಎಲ್ಲಿ ಬೀಳುತ್ತಿದೆ ನೋಡಿ. ಪ್ರತಿ ಘಾತದ ಮೇಲೂ ಬೀಳುತ್ತಿದ್ದರೆ ನಡೆ ಬದಲಾಗಿದೆ. ಘಾತ ಬಿಟ್ಟು ಹಿಂದೆ ಮುಂದೆ ಅಲೆದು ಕೆಲವು ಅಕ್ಷರಗಳ ನಂತರ ಕೂಡಿಕೊಂಡರೆ ಗುಚ್ಛ ಬದಲಾಗಿದೆ. ತಪ್ಪಾಗುವುದು ಎಲ್ಲಿ ಅಂದರೆ, ಗಿಟಾರು ಜರುಗಿದ ಹಾಗೆಲ್ಲಾ ಕೈಯೂ ಅದರ ಬೆನ್ನು ಹತ್ತುತ್ತದೆ. ಕೈ ಜರುಗಿದರೆ ಮುಗಿಯಿತು, ಸಮ, ಅಂದರೆ ಆವರ್ತದ ಮೊದಲ ಏಟು, ಎಲ್ಲಿ ಎಂದು ಆ ರಚನೆ ಮುಗಿಯುವವರೆಗೆ ಗೊತ್ತಾಗುವುದಿಲ್ಲ.

ಒಂದೇ ಜತಿಯನ್ನು ಮೂರು ಸಲ ಹೇಳಿ ಸಮಕ್ಕೆ ಬಂದು ಮುಗಿಸುವ ಮುಕ್ತಾಯದ ಲೆಕ್ಕವೂ ಇದೇ ಜಾತಿಯದು. ಆದಿತಾಳ, ಚತುರಶ್ರ ನಡೆ: ಎಂಟು ಅಕ್ಷರದ ಒಂದು ಆವರ್ತಕ್ಕೆ 32 ಮಾತ್ರೆ. ‘ತಕತಕಿಟ’ವನ್ನು ಮೂರು ಸಲ ಹೇಳಿ, ನಡುವೆ ಎರಡೆರಡು ಮಾತ್ರೆ ಬಿಡುವು ಕೊಟ್ಟರೆ 5+2+5+2+5, ಒಟ್ಟು 19. ಮುಗಿದ ಮರುಮಾತ್ರೆಗೇ ಸಮ ಸಿಗಬೇಕಾದರೆ 32ರಲ್ಲಿ 19 ಕಳೆದು, 13 ಮಾತ್ರೆ ಬಿಟ್ಟು ಹೊರಡಬೇಕು. ಎಂದರೆ ಲಘುವಿನ (ಆವರ್ತದ ಮೊದಲ ನಾಲ್ಕು ಅಕ್ಷರ) ನಾಲ್ಕನೆಯ ಅಕ್ಷರ, ನಡುಬೆರಳು ಎಣಿಸುವ ಜಾಗ; ಅದರ ಎರಡನೆಯ ಮಾತ್ರೆ. ಇದನ್ನು ಬಾಯಲ್ಲಿ ಹೇಳಿ ನೋಡಿ. ಬಿಡುವಿನ ಎರಡು ಮಾತ್ರೆಯನ್ನು ಆತುರದಲ್ಲಿ ನುಂಗಿಬಿಡುವುದು ಎಲ್ಲರೂ ಮಾಡುವ ತಪ್ಪು, ಆಗ ಸಮಕ್ಕಿಂತ ಮೊದಲೇ ತಲುಪಿ ನಿಂತಿರುತ್ತೀರಿ. ಇಂಥ ಮುಕ್ತಾಯಗಳು ಮೆಕ್‌ಲಾಫ್ಲಿನ್ ಭಾರತೀಯ ವಾದಕರೊಡನೆ ಕಟ್ಟಿದ ಶಕ್ತಿ ತಂಡದ ಧ್ವನಿಮುದ್ರಿಕೆಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಗಿಟಾರು, ಪಿಟೀಲು, ತಬಲಾ, ಘಟ ನಾಲ್ಕೂ ಒಂದೇ ಲೆಕ್ಕದಲ್ಲಿ ಬಂದು ಸಮಕ್ಕೆ ಬೀಳುವ ಸುಖ ಕಚೇರಿ ಕೇಳಿದವರಿಗೆ ಹೊಸದಲ್ಲ.

ಆದ್ದರಿಂದ ನಮ್ಮ ಸಲಹೆ, ಇಸವಿಯ ಕ್ರಮದಲ್ಲಿ ಕೇಳಬೇಡಿ. 1971ರಿಂದ ಹೊರಟರೆ ಮಾರ್ಷಲ್ ಆಂಪ್ಲಿಫೈಯರಿನ ಅಬ್ಬರಕ್ಕೆ ಎರಡೇ ನಿಮಿಷದಲ್ಲಿ ಆಫ್ ಮಾಡುತ್ತೀರಿ. 1976ರ ಆಗಸ್ಟಿನಲ್ಲಿ ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿದ ‘ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ’ ಹಾಕಿ. ಮೊದಲನೆಯದೇ ‘ಲಾ ದಾನ್ಸ್ ದ್ಯು ಬೊನೂರ್’. ಅದು ಶುರುವಾಗುವುದು ವಾದ್ಯದಿಂದಲ್ಲ, ಬಾಯಿಂದ, ಅಂದರೆ ಜತಿಗಳನ್ನು ಬಾಯಲ್ಲೇ ಹೇಳುವ ಕೊನ್ನಕ್ಕೋಲ್. ಅದೇ ಜತಿಯ ಕಸುಬಿನ ಮೇಲೆ ಗಿಟಾರು ಮತ್ತು ಎಲ್. ಶಂಕರ್ ಅವರ ಪಿಟೀಲು ಬಂದು ಸೇರುತ್ತವೆ. ಪಾಶ್ಚಾತ್ಯ ಕೇಳುಗರಿಗೆ ಈ ಆರಂಭ ಒಂದು ವಿಚಿತ್ರ. ನಿಮಗೆ ಅದೇ ಬಾಗಿಲು.

ಆಮೇಲೆ ‘ಶಕ್ತಿ’ ಎಂಬ ಮೊದಲ ಆಲ್ಬಂ. 1975ರ ಜುಲೈ 5ರಂದು ನ್ಯೂಯಾರ್ಕ್ ರಾಜ್ಯದ ಸೌತ್‌ಹ್ಯಾಂಪ್ಟನ್ ಕಾಲೇಜಿನಲ್ಲಿ ಸಭಿಕರೆದುರು ನುಡಿಸಿದ್ದು, ಹೊರಬಂದದ್ದು 1976ರಲ್ಲಿ. ಝಾಕಿರ್ ಹುಸೇನ್ ತಬಲಾ, ಟಿ.ಎಚ್. ವಿನಾಯಕರಾಮ್ ಘಟ, ರಾಮನಾಡ್ ರಾಘವನ್ ಮೃದಂಗ. ಉತ್ತರಾದಿಯ ತಬಲಾವನ್ನೂ ದಕ್ಷಿಣಾದಿಯ ಘಟ, ಮೃದಂಗವನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿ ಗಿಟಾರಿಗೆ ಪಕ್ಕವಾದ್ಯ ಮಾಡಿಸಿದ್ದು ಆ ಕಾಲಕ್ಕೆ ದೊಡ್ಡ ಧೈರ್ಯ. ಅದರಲ್ಲಿರುವುದು ಮೂರೇ ರಚನೆ. ಮೊದಲನೆಯದಾದ ‘ಜಾಯ್’ 18 ನಿಮಿಷ, ಕೊನೆಯದು ಅರ್ಧ ಗಂಟೆಗೆ ಹತ್ತಿರ, ನಡುವಿನ ‘ಲೋಟಸ್ ಫೀಟ್’ ಐದು ನಿಮಿಷವೂ ಇಲ್ಲ. ಶುರುವಿಗೆ ‘ಲೋಟಸ್ ಫೀಟ್’ ಸಾಕು. ನಿಧಾನದ ನಡೆ, ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ; ಈ ಮನುಷ್ಯನಿಗೆ ಭಾವ ಇಲ್ಲ ಅನ್ನುವವರ ಬಾಯಿಗೆ ಬೀಗ. ‘ಜಾಯ್’ ಮಾತ್ರ ಉಸಿರು ಬಿಡಲು ಜಾಗ ಕೊಡುವುದಿಲ್ಲ, ಅದನ್ನು ಎರಡನೇ ದಿನಕ್ಕೆ ಇಟ್ಟುಕೊಳ್ಳಿ. 1977ರ ‘ನ್ಯಾಚುರಲ್ ಎಲಿಮೆಂಟ್ಸ್’ ಸ್ವಲ್ಪ ಅಚ್ಚುಕಟ್ಟು ಜಾಸ್ತಿ, ಮನೋಧರ್ಮಕ್ಕೆ ಬಿಟ್ಟ ಜಾಗ ಕಡಿಮೆ. ಮೂರರಲ್ಲಿ ಅದಕ್ಕೆ ಕಡೆಯ ಸ್ಥಾನ.

ಇವನ್ನು ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಅಷ್ಟು ಸಣ್ಣ ಸ್ಪೀಕರಿನಲ್ಲಿ ಸುಮಾರು 200 ಹರ್ಟ್ಸ್‌ಗಿಂತ ಕೆಳಗಿನ ನಾದ ಬಹುತೇಕ ಬರುವುದೇ ಇಲ್ಲ. ತಬಲಾದ ಎಡದ ಗುಮುಕಿಯೂ ಘಟದ ಬಾಯಿಯಿಂದ ಬರುವ ‘ಗುಂ’ ನಾದವೂ ಮಾಯವಾಗಿ, ಚಟಪಟ ಮಾತ್ರ ಉಳಿಯುತ್ತದೆ. ತಾಳ ಹಿಡಿಯಲು ಬೇಕಾದ ಒತ್ತೆಲ್ಲ ಆ ಕೆಳನಾದದಲ್ಲೇ ಇರುವುದು. ಸಾಧಾರಣ ಇಯರ್‌ಫೋನ್ ಆದರೂ ಸಾಕು.

ಕಿವಿ ಇಷ್ಟು ಹದವಾದ ಮೇಲೆ ಹಿಂದಕ್ಕೆ ಹೋಗಿ, 1973ರ ‘ಬರ್ಡ್ಸ್ ಆಫ್ ಫೈರ್’ ಹಾಕಿ. ಅದೇ ಹೆಸರಿನ ಮೊದಲ ರಚನೆ ಶುರುವಾಗುವುದು ಜಾಗಟೆಯ ಮೊಳಗಿನಿಂದ. ಅದರ ಹಿಂದೆಯೇ ಗಿಟಾರು ಒಂದೇ ಸ್ವರಗುಚ್ಛವನ್ನು ಬಿಡಿಸಿ ಬಿಡಿಸಿ ಸುತ್ತಿಸುತ್ತದೆ. ಈ ಸುತ್ತಿಗೆ 18 ಮಾತ್ರೆ. ಎಣಿಸುವುದು ಹೀಗೆ: ತಕತಕಿಟ, ತಕತಕಿಟ, ತಕತಕಿಟ, ತಕಿಟ. ಮೂರು ಐದು, ಒಂದು ಮೂರು. ಯೂಟ್ಯೂಬಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿದರೆ ಶ್ರುತಿ ಹಾಗೇ ಉಳಿದು ಕಾಲ ಮಾತ್ರ ನಿಧಾನವಾಗುತ್ತದೆ, ಮೊದಲ ಸಲಕ್ಕೆ ಅದೇ ಒಳ್ಳೆಯದು. ಪ್ರತಿ ತುಂಡಿನ ಮೊದಲಿಗೆ ಒಂದು ತಟ್ಟು, ಸುತ್ತಿಗೆ ನಾಲ್ಕು ತಟ್ಟು. ಮೊದಲ ಮೂರು ತಟ್ಟಿನ ನಡುವಿನ ಅಂತರ ಒಂದೇ. ನಾಲ್ಕನೆಯದು ಆದ ಮೇಲೆ ಮುಂದಿನ ಸಮ ಬೇಗ ಬರುತ್ತದೆ. ಕೆಡುವುದು ಅಲ್ಲೇ. ಕೈ ಐದಕ್ಕೆ ಒಗ್ಗಿಹೋಗಿರುವುದರಿಂದ ಕೊನೆಯ ಮೂರನ್ನೂ ಐದಕ್ಕೆ ಎಳೆದುಬಿಡುತ್ತದೆ, ಆಗ ಎರಡು ಮಾತ್ರೆ ಹಿಂದೆ ಬೀಳುತ್ತೀರಿ. ಕೈಗೆ ಹೇಳಿ ಪ್ರಯೋಜನವಿಲ್ಲ, ಬಾಯಲ್ಲಿ ಜತಿ ಹೇಳಿಕೊಂಡೇ ತಟ್ಟಬೇಕು. ಇದು ಸ್ಥಿರವಾದ ಮೇಲೆ ಅದೇ 18ನ್ನು ಆರಾರರ ಮೂರು ತುಂಡಾಗಿ ತಟ್ಟಿ ನೋಡಿ. ಎರಡು ಎಣಿಕೆಯೂ ಒಂದೇ ಕಡೆ ಮುಗಿಯುತ್ತವೆ, ನಡುವೆ ಎಲ್ಲೂ ಸೇರುವುದಿಲ್ಲ. ಈ ರಚನೆಯ ಒಳಗಿನ ತಳಮಳವೆಲ್ಲ ಆ ತಿಕ್ಕಾಟದ್ದು.

ಅದೇ ತಂಡದ ಮಿಕ್ಕ ಲೆಕ್ಕಗಳನ್ನು ಹೇಳಿಬಿಡುತ್ತೇವೆ, ಕೂಡಿಸುವ ರೀತಿ ನೀವೇ ಕಂಡುಕೊಳ್ಳಿ. 1971ರ ‘ದಿ ಇನ್ನರ್ ಮೌಂಟಿಂಗ್ ಫ್ಲೇಮ್’ನಲ್ಲಿ ‘ಡಾನ್’ 7, ‘ವೈಟಲ್ ಟ್ರಾನ್ಸ್‌ಫರ್ಮೇಷನ್’ 9. ‘ದಿ ಡಾನ್ಸ್ ಆಫ್ ಮಾಯಾ’ದಲ್ಲಿ ಬ್ಲೂಸ್ ಶೈಲಿಯ ಭಾಗ ಕೂರುವುದು 20ರ ಸುತ್ತಿನ ಮೇಲೆ. ‘ಬರ್ಡ್ಸ್ ಆಫ್ ಫೈರ್’ನಲ್ಲಿ ‘ಸೆಲೆಸ್ಟಿಯಲ್ ಟೆರೆಸ್ಟ್ರಿಯಲ್ ಕಮ್ಯೂಟರ್ಸ್’ 19, ‘ಒನ್ ವರ್ಡ್’ನಲ್ಲಿ ಡ್ರಮ್ಮಿನ ತನಿ ಆದಮೇಲೆ ಬರುವ ಭಾಗ 13. ಡ್ರಮ್ ನುಡಿಸಿದವರು ಬಿಲ್ಲಿ ಕೋಬಮ್. ‘ವೈಟಲ್ ಟ್ರಾನ್ಸ್‌ಫರ್ಮೇಷನ್’ನ ಶುರುವಿನಲ್ಲಿ ಅವರೊಬ್ಬರೇ ಹಾಕಿಕೊಡುವ ಒಂಬತ್ತನ್ನು ನಮ್ಮ ಮೃದಂಗದ ಹುಡುಗರು ಒಂದು ಸಲವಾದರೂ ಕೇಳಬೇಕು. ಸಂಕೀರ್ಣ ಜಾತಿಯನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದವರಿಗೆ ಅದು ಮೈಗೆ ಹತ್ತಿದರೆ ಹೇಗಿರುತ್ತದೆ ಅನ್ನುವುದು ಅಲ್ಲಿ ತಿಳಿಯುತ್ತದೆ.

ಈಗ ರಾಗದ ವಿಷಯ, ಗುಮಾನಿಯ ಮೂಲ ಅದೇ ತಾನೇ. ರಾಗ ‘ನಿಲ್ಲುವುದಿಲ್ಲ’ ಅನ್ನುವ ದೂರು ಮಹಾವಿಷ್ಣು ಆರ್ಕೆಸ್ಟ್ರಾದ ಮಟ್ಟಿಗೆ ನಿಜ. ಯಾಕೆ ಅಂದರೆ ಅಲ್ಲಿ ಆಧಾರ ಷಡ್ಜವೇ ಸ್ಥಳ ಬದಲಾಯಿಸುತ್ತದೆ. ಗ್ರಹಭೇದ ಬಲ್ಲವರಿಗೆ ಇದು ಒಂದು ವಾಕ್ಯದಲ್ಲಿ ಅರ್ಥವಾಗುತ್ತದೆ. ಶಂಕರಾಭರಣದ ಸ್ವರಗಳನ್ನೇ ಇಟ್ಟುಕೊಂಡು ರಿಷಭವನ್ನು ಷಡ್ಜ ಮಾಡಿದರೆ ಖರಹರಪ್ರಿಯ, ಗಾಂಧಾರವನ್ನು ಮಾಡಿದರೆ ತೋಡಿ, ಮಧ್ಯಮದಿಂದ ಕಲ್ಯಾಣಿ, ಪಂಚಮದಿಂದ ಹರಿಕಾಂಭೋಜಿ, ಧೈವತದಿಂದ ನಟಭೈರವಿ. ಕಚೇರಿಯಲ್ಲಿ ವಿದ್ವಾಂಸರು ಇದನ್ನು ಆಲಾಪನೆಯ ನಡುವೆ ಒಂದು ಕ್ಷಣ ತೋರಿಸಿ, ಚಪ್ಪಾಳೆ ಗಿಟ್ಟಿಸಿ, ವಾಪಸು ಬರುತ್ತಾರೆ. ತಂಬೂರಿ ಮಾತ್ರ ಕದಲುವುದಿಲ್ಲ. ಜಾಝಿನಲ್ಲಿ ಬಾಸ್ ಗಿಟಾರೇ ಜಾಗ ಬದಲಾಯಿಸುತ್ತದೆ. ಮೇಲೆ ಗಿಟಾರು ಅದೇ ಸ್ವರಗಳನ್ನು ನುಡಿಸುತ್ತಿದ್ದರೂ, ಕೆಳಗೆ ಬಾಸ್ ರಿಷಭಕ್ಕೆ ಸರಿದ ಕೂಡಲೇ ನಿಮ್ಮ ಕಿವಿಗೆ ಖರಹರಪ್ರಿಯ ಕೇಳುತ್ತದೆ. ಬಾಸನ್ನು ಷಡ್ಜದ ತಂತಿ ಎಂದುಕೊಂಡು ಹಿಂಬಾಲಿಸಿದರೆ ಈ ಓಡಾಟ ಗೊಂದಲವಾಗಿ ಕೇಳುವುದಿಲ್ಲ. ಪಾಶ್ಚಾತ್ಯ ಸಂಗೀತ ಮೈಸೂರಿಗೆ ಹೊರಗಿನದು ಎನ್ನುವವರಿಗೆ ಒಂದು ಮಾತು: 1940ರ ದಶಕದಲ್ಲಿ ರಷ್ಯಾ ಮೂಲದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ತಮ್ಮ ಕೃತಿಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು ದುಡ್ಡು ಕೊಟ್ಟವರು ಜಯಚಾಮರಾಜ ಒಡೆಯರು.

ಶಕ್ತಿ ತಂಡದಲ್ಲಿ ಈ ತೊಂದರೆ ಇಲ್ಲ, ಷಡ್ಜ ಒಂದೇ ಕಡೆ ನಿಲ್ಲುತ್ತದೆ. ಅಲ್ಲಿ ಬೇರೆ ತೊಂದರೆ, ಸ್ವರವನ್ನು ಅಲುಗಿಸಿ ಜಾರಿಸಿ ನುಡಿಸುವ ಗಮಕ. ಗಿಟಾರಿನ ಫ್ರೆಟ್ಟುಗಳು ಮರದಲ್ಲಿ ಹೂತ ಕಂಬಿಗಳು, ತಗ್ಗಿನವು. ಬೆರಳು ಒತ್ತಿದರೆ ತಂತಿಯ ಜೊತೆಗೆ ಮರಕ್ಕೂ ತಾಗುತ್ತದೆ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಎತ್ತರದಲ್ಲಿ ಕೂತಿರುವುದರಿಂದ ಬೆರಳಿಗೆ ಕೆಳಗೆ ಏನೂ ತಾಗುವುದಿಲ್ಲ. ತಂತಿಯನ್ನು ಪಕ್ಕಕ್ಕೆ ಎಳೆದರೆ ಒಂದೇ ಮೆಟ್ಟಿಲಿನಲ್ಲಿ ಮೂರು ನಾಲ್ಕು ಸ್ವರ ಮೇಲಕ್ಕೆ ಹೋಗಬಹುದು. ರಾಮನಾಥನ್ ಅವರ ಬಳಿ ವೀಣೆ ಹಿಡಿದವರಿಗೆ ಈ ವ್ಯತ್ಯಾಸ ಬೆರಳಿಗೇ ಗೊತ್ತಾಗಿರಬೇಕು. ಮೆಕ್‌ಲಾಫ್ಲಿನ್ ಅವರಿಗಾಗಿ ಗಿಬ್ಸನ್ ಕಂಪನಿಯ ಕುಶಲಕರ್ಮಿ ಏಬ್ರಹಾಂ ವೆಕ್ಟರ್ ಮಾಡಿಕೊಟ್ಟ ಅಕೌಸ್ಟಿಕ್ ಗಿಟಾರಿನಲ್ಲಿ ಎರಡು ಬದಲಾವಣೆ ಇದ್ದವು. ಒಂದು, ಫ್ರೆಟ್ಟಿಗೂ ಫ್ರೆಟ್ಟಿಗೂ ನಡುವಿನ ಮರವನ್ನು ಬೋಗುಣಿಯ ಹಾಗೆ ಕೆತ್ತಿ ತೆಗೆದದ್ದು. ಆಗ ಬೆರಳಿಗೆ ಮರ ತಾಗುವುದಿಲ್ಲ, ತಂತಿಯನ್ನು ಹಿಡಿದು ಎಳೆಯಲು ಬಿಗಿ ಸಿಗುತ್ತದೆ. ಎರಡು, ಆರು ತಂತಿಗಳ ಕೆಳಗೆ, ನಾದರಂಧ್ರಕ್ಕೆ ಅಡ್ಡಲಾಗಿ 45 ಡಿಗ್ರಿ ಓರೆಯಲ್ಲಿ ಕಟ್ಟಿದ ಇನ್ನೂ ಏಳು ತಂತಿಗಳು. ಸಿತಾರಿನ ತರಬ್ ತಂತಿಗಳಂತೆ ಇವು ತಾವಾಗಿಯೇ ಅನುರಣಿಸುತ್ತವೆ, ಬೇಕೆಂದಾಗ ವೀಣೆಯ ತಾಳದ ತಂತಿಗಳಂತೆ ಮೀಟಲೂ ಬರುತ್ತದೆ. ‘ಶಕ್ತಿ’ ಕೇಳುವಾಗ ನಡುನಡುವೆ ಝಲ್ಲೆಂದು ಹರಡುವ ನಾದ ಈ ಏಳರದು, ತಂಬೂರಿಯದಲ್ಲ.

ವಾದ್ಯಕ್ಕೆ ಕೈ ಹಾಕುವುದು ಅಪಚಾರ ಎಂದು ಮೈಸೂರಿನಲ್ಲಿ ಯಾರೂ ಹೇಳಲಾರರು. ತಿರುಮಕೂಡಲಿನ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದ ಊರಿನವರು ನಾವು.

ಇಷ್ಟಾದರೂ ಒಂದು ಮಿತಿ ಉಳಿಯುತ್ತದೆ, ಅದು ಭೌತಶಾಸ್ತ್ರದ್ದು. ಎಳೆದರೆ ಶ್ರುತಿ ಏರುತ್ತದೆ, ಇಳಿಯುವುದಿಲ್ಲ. ಗಿಟಾರಿನ ಫ್ರೆಟ್ಟುಗಳನ್ನು ಹನ್ನೆರಡು ಸಮಪಾಲಿನ ಲೆಕ್ಕದಲ್ಲಿ ಕೂರಿಸಿರುತ್ತಾರೆ, ಒಂದೊಂದು ಪಾಲಿಗೆ 100 ಸೆಂಟ್. ಅದರ ಪ್ರಕಾರ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್ ಮೇಲೆ. ತಂಬೂರಿಯ ಷಡ್ಜದೊಳಗಿಂದ ತಾನಾಗಿ ಕೇಳಿಸುವ ಅಂತರ ಗಾಂಧಾರ ಇರುವುದು 386ರಲ್ಲಿ. ಅಂದರೆ ಗಿಟಾರಿನ ಗಾಂಧಾರ ಹುಟ್ಟಾ 14 ಸೆಂಟ್ ಚುರುಕು. ಅದನ್ನು ಎಳೆದರೆ ಇನ್ನಷ್ಟು ಕೆಡುತ್ತದೆ. ದಾರಿ ಏನೆಂದರೆ, ಒಂದು ಫ್ರೆಟ್ಟು ಹಿಂದೆ ಸಾಧಾರಣ ಗಾಂಧಾರದ ಮೇಲೆ ಬೆರಳಿಟ್ಟು, ಅಲ್ಲಿಂದ ಪೂರ್ತಿ ಒಂದು ಪಾಲಿಗಿಂತ ತುಸು ಕಡಿಮೆ, 86 ಸೆಂಟಿನಷ್ಟು ಎಳೆದು ಗಾಂಧಾರ ಹಿಡಿಯುವುದು. ವೈಣಿಕರು ದಿನಾ ಮಾಡುವ ಕೆಲಸ ಇದೇ. ಇಳಿಯುವ ಗಮಕಕ್ಕೂ ಇದೇ ಉಪಾಯ. ಮೊದಲೇ ಎಳೆದಿಟ್ಟುಕೊಂಡು ಮೀಟಿ, ಆಮೇಲೆ ಸಡಿಲಿಸುವುದು. ಮೀಟಿದ ಮೇಲೆ ಎಳೆದರೆ ಏರಿದ್ದು ಕೇಳಿಬಿಡುತ್ತದೆ. ಮ್ಯಾಂಡೊಲಿನ್ ಶ್ರೀನಿವಾಸ್ ಜೋಡಿ ತಂತಿಗಳನ್ನು ಬಿಟ್ಟು ಐದು ಒಂಟಿ ತಂತಿ ಕಟ್ಟಿಕೊಂಡಿದ್ದನ್ನೂ ಈ ಬೆಳಕಿನಲ್ಲೇ ನೋಡಬೇಕು. ಜೋಡಿ ತಂತಿಯನ್ನು ಎಳೆದಾಗ ಎರಡೂ ಒಂದೇ ಪ್ರಮಾಣದಲ್ಲಿ ಏರುವುದು ಕಷ್ಟ.

ಮೆಕ್‌ಲಾಫ್ಲಿನ್ ಅವರ ವೇಗಕ್ಕೂ ಬೇರೆಯವರ ವೇಗಕ್ಕೂ ಏನು ಫರಕು ಎಂದು ಕೇಳುವವರಿದ್ದಾರೆ. ಬಲಗೈ ನೋಡಬೇಕು. ಅವರು ಹೆಚ್ಚುಕಡಿಮೆ ಪ್ರತಿ ಸ್ವರವನ್ನೂ ಪಿಕ್ಕಿನಿಂದ ಮೀಟುತ್ತಾರೆ, ಒಂದು ಕೆಳಗೆ ಒಂದು ಮೇಲೆ. ಅದಕ್ಕೇ ದ್ರುತದಲ್ಲೂ ಸ್ವರಗಳು ಜತಿಯ ಅಕ್ಷರಗಳಷ್ಟು ಬಿಡಿಬಿಡಿ. ಅದೇ ಕಾಲದ ಇನ್ನೊಬ್ಬ ಇಂಗ್ಲಿಷ್ ಗಿಟಾರಿಸ್ಟ್ ಆಲನ್ ಹೋಲ್ಡ್ಸ್‌ವರ್ತ್ ಇದಕ್ಕೆ ತದ್ವಿರುದ್ಧ. ಒಂದು ಸಲ ಮೀಟಿ ಮಿಕ್ಕಿದ್ದನ್ನು ಎಡಗೈ ಬೆರಳು ಬಡಿದೇ ಹೊರಡಿಸುತ್ತಿದ್ದರು, ಅದು ಕೊಳಲಿನ ಹಾಗೆ ಹರಿಯುತ್ತದೆ. ಕೊನ್ನಕ್ಕೋಲಿನ ಲೆಕ್ಕ ಕೇಳಿಸಬೇಕಾದರೆ ಮೀಟೇ ಬೇಕು, ಹರಿವಿನಲ್ಲಿ ಒತ್ತು ಕರಗಿಹೋಗುತ್ತದೆ. ಹೋಲ್ಡ್ಸ್‌ವರ್ತ್ ಅವರದು ಬೇರೆಯೇ ಲೋಕ, ಅದನ್ನು ಕಡಿಮೆ ಎನ್ನುತ್ತಿಲ್ಲ.

ಈ ಬಲಗೈಯನ್ನು ಪಕ್ಕವಾದ್ಯವಿಲ್ಲದೆ ಕೇಳಲು 1981ರಲ್ಲಿ ಬಂದ ‘ಫ್ರೈಡೇ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೋ’ ಇದೆ. ಅದರ ಬಹುಭಾಗ 1980ರ ಡಿಸೆಂಬರ್ 5ರ ಕಚೇರಿಯದು. ಎಡಗಿವಿಯಲ್ಲಿ ಸ್ಪೇನಿನ ಪಾಕೊ ದೆ ಲುಸಿಯಾ, ಬಲಗಿವಿಯಲ್ಲಿ ಅಲ್ ಡಿ ಮಿಯೋಲಾ, ನಡುವೆ ಮೆಕ್‌ಲಾಫ್ಲಿನ್. ಇಯರ್‌ಫೋನಿನ ಎಡಬಲ ಅದಲುಬದಲಾದರೆ ಅಥವಾ ಒಂದೇ ಕಿವಿಗೆ ಹಾಕಿಕೊಂಡರೆ ಯಾರು ಯಾರೆಂದು ತಿಳಿಯದೆ ಮೂವರೂ ಕಲಸಿಹೋಗುತ್ತಾರೆ. ಮೊದಲ ರಚನೆಯಲ್ಲಿ ಮೆಕ್‌ಲಾಫ್ಲಿನ್ ಇಲ್ಲವೇ ಇಲ್ಲ, ಅದು ಮಿಕ್ಕ ಇಬ್ಬರದು. ಇದು ತಿಳಿಯದೆ ಅದನ್ನೇ ಕೇಳಿ ಇವರನ್ನು ಹೊಗಳುವವರು ಕಡಿಮೆ ಇಲ್ಲ. ಗೆಳೆಯರ ಪೈಪೋಟಿಯ ಉತ್ಸಾಹ ಭರಪೂರ ಇದೆ, ಆಳ ಶಕ್ತಿಯಷ್ಟಿಲ್ಲ.

1984ರಲ್ಲಿ ಮಹಾವಿಷ್ಣು ಹೆಸರಿನಲ್ಲೇ ಮತ್ತೆ ಬಂದ ಆಲ್ಬಂನಲ್ಲಿ ಗಿಟಾರು ಸಿಂಥಸೈಜರ್ ಮೂಲಕ ಹಾದು ಬರುತ್ತದೆ. ಮೀಟಿನ ಮೊನೆಯೇ ಹೋಗಿಬಿಟ್ಟಿದೆ, ಬಿಟ್ಟರೆ ನಷ್ಟವಿಲ್ಲ. ಬಿಡಬಾರದ್ದು 1997ರ ನಂತರದ ‘ರಿಮೆಂಬರ್ ಶಕ್ತಿ’ಯ ಕಚೇರಿಗಳು. ಮೊದಲು ಹರಿಪ್ರಸಾದ್ ಚೌರಾಸಿಯಾ ಕೊಳಲು. ಆಮೇಲೆ ಶ್ರೀನಿವಾಸ್ ಮ್ಯಾಂಡೊಲಿನ್, ವಿನಾಯಕರಾಮ್ ಅವರ ಮಗ ಸೆಲ್ವಗಣೇಶ್ ಖಂಜಿರ, ಶಂಕರ್ ಮಹದೇವನ್ ಗಾಯನ. ಇಲ್ಲಿ ಗಿಟಾರು ಮತ್ತೆ ಎಲೆಕ್ಟ್ರಿಕ್, ನಾದ ಮೆದು, ಅವಸರವಿಲ್ಲ. 2000ದ ‘ದಿ ಬಿಲೀವರ್’ನಲ್ಲಿ ಶ್ರೀನಿವಾಸರೊಡನೆ ನಡೆಯುವ ಪ್ರಶ್ನೋತ್ತರ ಇಡೀ ಸಂಗ್ರಹದಲ್ಲಿ ನಮಗೆ ಅತಿ ಪ್ರಿಯವಾದದ್ದು. ಚೆನ್ನೈಯಲ್ಲಿ ಧ್ವನಿಮುದ್ರಿಸಿದ 2008ರ ‘ಫ್ಲೋಟಿಂಗ್ ಪಾಯಿಂಟ್’ನಲ್ಲಿ ನಮ್ಮ ರುದ್ರಪಟ್ಟಣದ ಶಶಾಂಕ್ ಕೊಳಲು ನುಡಿಸಿದ್ದಾರೆ. 2023ರ ‘ದಿಸ್ ಮೊಮೆಂಟ್’ ಶಕ್ತಿ ಹೆಸರಿನಲ್ಲೇ ಬಂದು 2024ರ ಫೆಬ್ರವರಿಯಲ್ಲಿ ಗ್ರ್ಯಾಮಿ ಪಡೆಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಝಾಕಿರ್ ಹುಸೇನ್ ತೀರಿಕೊಂಡರು.

ಗಿಟಾರ್ ಕಲಿಯುವವರು ಇದನ್ನೆಲ್ಲ ಕೇಳಿ ಮೊದಲು ಮಾಡುವ ಕೆಲಸ ಅರ ಹಿಡಿದು ಫ್ರೆಟ್ಟುಗಳ ನಡುವೆ ಕೆತ್ತಲು ಕೂರುವುದು. ತಡೆಯಿರಿ. ಮರವನ್ನು ಒಂದು ಸಲ ಕೆತ್ತಿದರೆ ಮತ್ತೆ ಬರುವುದಿಲ್ಲ. ಕೆತ್ತಿದ ಫಲಕದ ಮೇಲೆ ಅಭ್ಯಾಸಬಲದಿಂದ ಜೋರಾಗಿ ಒತ್ತಿದರೆ ತಂತಿ ಗುಂಡಿಯೊಳಕ್ಕೆ ತಗ್ಗಿ, ಸರಿಯಾದ ಫ್ರೆಟ್ಟಿನಲ್ಲೂ ಸ್ವರ ಏರಿ ಕೇಳುತ್ತದೆ. ಮೂರು ಸ್ವರ ಒಟ್ಟಿಗೆ ಹಿಡಿದರೆ ಮೂರೂ ಬೇರೆ ಬೇರೆ ಪ್ರಮಾಣದಲ್ಲಿ ಏರುತ್ತವೆ. ಮೊದಲು ಟ್ಯೂನರ್ ಹಚ್ಚಿಕೊಂಡು, ಈಗಿರುವ ಗಿಟಾರಿನಲ್ಲೇ ಎಷ್ಟು ಹಗುರಾಗಿ ಒತ್ತಿದರೂ ಸ್ವರ ಸ್ವಚ್ಛವಾಗಿ ಬರುತ್ತದೆ ಎಂದು ನೋಡಿಕೊಳ್ಳಿ. ಕೈ ಹಗುರಾಗದವರಿಗೆ ಕೆತ್ತಿದ ಗಿಟಾರು ಶಿಕ್ಷೆ.

ಕೆತ್ತನೆಗಿಂತ ಅಗ್ಗದ, ಹಿಂದಿರುಗಿಸಬಹುದಾದ ಉಪಾಯ ಮೂರನೇ ತಂತಿ. ಅಕೌಸ್ಟಿಕ್ ಗಿಟಾರಿನ ಸಾಮಾನ್ಯ ಸೆಟ್ಟಿನಲ್ಲಿ ಅದಕ್ಕೆ ಸುರುಳಿ ಸುತ್ತಿರುತ್ತದೆ, ಎಷ್ಟು ಎಳೆದರೂ ಅರ್ಧಸ್ವರ ದಾಟಲು ಬೆರಳು ನೋಯುತ್ತದೆ. ಅದನ್ನು ತೆಗೆದು 0.017 ಅಥವಾ 0.018 ಇಂಚಿನ ಸುತ್ತಿಲ್ಲದ ಬರಿ ತಂತಿ ಹಾಕಿದರೆ ಎಳೆತ ತೀರ ಸಲೀಸು. ಆ ತಂತಿಯ ಮಟ್ಟಿಗೆ ಶ್ರುತಿ ಫ್ರೆಟ್ಟಿನಲ್ಲಿ ತುಸು ಆಚೀಚೆ ಆಗಬಹುದು, ಅದನ್ನು ಕಿವಿಯಿಂದ ಸರಿಮಾಡಿಕೊಳ್ಳಬೇಕು. ಎಳೆಯುವಾಗ ಒಂದೇ ಬೆರಳು ಬಳಸಬೇಡಿ. ಉಂಗುರ ಬೆರಳು ತಂತಿಯ ಮೇಲೆ, ನಡುಬೆರಳು ಅದರ ಹಿಂದಿನ ಫ್ರೆಟ್ಟಿನಲ್ಲಿ ಬೆಂಬಲಕ್ಕೆ.

ಅಭ್ಯಾಸಕ್ಕೆ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಡಿ. ಗಿಟಾರು ಪಕ್ಕಕ್ಕಿರಲಿ. ಬಾಯಲ್ಲಿ ಒಂದು ಆವರ್ತ ತಕದಿಮಿ, ಒಂದು ಆವರ್ತ ತಕಿಟ, ಒಂದು ಆವರ್ತ ತಕತಕಿಟ, ಮೂರೂ ನಡೆಯಾಗಿ, ಕೈ ಕದಲದೆ. ಮೂರರಿಂದ ಐದಕ್ಕೆ ಹಾರುವಾಗ ಮೊದಲ ಅಕ್ಷರದಲ್ಲೇ ಎಲ್ಲರೂ ಎಡವುತ್ತಾರೆ. ಹೊಸ ನಡೆಯ ಕಾಲವನ್ನು ಹಿಂದಿನ ಆವರ್ತದ ಕೊನೆಯ ಎರಡು ಅಕ್ಷರದಲ್ಲೇ ಮನಸ್ಸಿನಲ್ಲಿ ಹಿಡಿದುಕೊಂಡರೆ ಎಡವುವುದಿಲ್ಲ. ಇದು ನಿಂತ ಮೇಲೆ ಚತುರಶ್ರ ನಡೆಯಲ್ಲೇ ಐದರ ಗುಚ್ಛ: ತಕತಕಿಟ ಆರು ಸಲ, ಕೊನೆಗೆ ಒಂದು ‘ತಕ’, ಅಲ್ಲಿಗೆ 32. ಆ ಕೊನೆಯ ಎರಡನ್ನು ಮರೆಯದೆ ಸಮಕ್ಕೆ ಬರುವುದು ಖಾತ್ರಿಯಾದ ಮೇಲೆ ಗಿಟಾರು ಕೈಗೆತ್ತಿಕೊಂಡು, ಒಂದೇ ಸ್ವರದ ಮೇಲೆ, ಪಿಕ್ ಒಂದು ಕೆಳಗೆ ಒಂದು ಮೇಲೆ. ಐದು ಬೆಸ ಸಂಖ್ಯೆಯಾದ್ದರಿಂದ ಎರಡನೇ ಗುಚ್ಛದ ಒತ್ತು ಮೇಲಿನ ಮೀಟಿಗೆ ಬೀಳುತ್ತದೆ, ಅದು ಸಹಜವಾಗಿ ಬಡಕಲು. ಅಲ್ಲಿ ಕೈ ತಿರುಗಿಸಿ ಎರಡು ಸಲ ಕೆಳಗೇ ಮೀಟಬೇಡಿ, ವೇಗಕ್ಕೆ ಹೋದಾಗ ಅದೇ ಜಾಗದಲ್ಲಿ ಮುಗ್ಗರಿಸುತ್ತೀರಿ. ಮೇಲಿನ ಮೀಟಿಗೂ ಕೆಳಗಿನದರಷ್ಟೇ ತೂಕ ಬರುವವರೆಗೆ 60ರಿಂದ ಮುಂದೆ ಹೋಗಬೇಡಿ.